ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇದೆಯಾ? ಮಕ್ಕಳಿಗೆ ಆಯುಷ್ಮಾನ್ ಕಾರ್ಡ್ ಮಾಡಿಸುವ ದಾರಿ

ತಂದೆ ತಾಯಿ ಇಬ್ಬರಿಗೂ ಆಯುಷ್ಮಾನ್ ಕಾರ್ಡ್ ಇರುತ್ತದೆ. ಮಗುವಿಗೆ ಇರುವುದಿಲ್ಲ. ಸಕಲೇಶಪುರ ತಾಲೂಕಿನ ಹಾನುಬಾಳು ಕಡೆ ಆಶಾ ಕಾರ್ಯಕರ್ತೆಯಾಗಿ ಮನೆ ಮನೆ ತಿರುಗುವಾಗ ನಾನು ಪದೇ ಪದೇ ನೋಡುವುದು ಇದನ್ನೇ. ಕೇಳಿದರೆ, "ನಮ್ಮದು ಬಿಪಿಎಲ್ ಅಲ್ವಾ ಅಕ್ಕ, ಮಗೂದೂ ಅದರಲ್ಲೇ ಬರುತ್ತೆ" ಅಂತಾರೆ. ಬರಬೇಕು, ಹಕ್ಕು ಇದೆ. ಆದರೆ ಮಗುವಿನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಆಸ್ಪತ್ರೆಯ ಕೌಂಟರ್‌ನಲ್ಲಿ ಕೂತವರು ಏನು ನೋಡಿ ಒಪ್ಪಬೇಕು? ಜ್ವರ ನೆತ್ತಿಗೇರಿದ ಮಗುವನ್ನು ಎತ್ತಿಕೊಂಡು ರಾತ್ರಿ ಹಾಸನಕ್ಕೆ ಓಡಿದವರು ಅಲ್ಲಿ ಕಾಗದ ಹುಡುಕುತ್ತಾ ನಿಲ್ಲಬಾರದು. ಮಗು ಆಡಿಕೊಂಡಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕಾರ್ಡಿನಿಂದ ಸಿಗುವುದು ಏನು

ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ, ಎರಡೂ 2018ರಲ್ಲಿ ಶುರುವಾದವು. ಅದೇ ವರ್ಷ ಎರಡನ್ನೂ ಒಂದು ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಈ 5 ಲಕ್ಷ ಇಡೀ ಮನೆಗೆ ಸೇರಿದ್ದು. ಒಬ್ಬರಿಗೇ ಬೇಕಾದರೂ ಪೂರ್ತಿ ಬಳಸಬಹುದು. ಮನೆಯಲ್ಲಿ ಎಷ್ಟು ಜನ, ಎಷ್ಟು ವಯಸ್ಸು ಅನ್ನುವ ಮಿತಿ ಇಲ್ಲ. ಮೊದಲಿಂದ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ನಡೆಯುತ್ತದೆ. ಹುಟ್ಟುತ್ತಲೇ ಹೃದಯದಲ್ಲಿ ತೂತು ಇರುವ ಮಗುವಿಗೆ ಇದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ. ಖಾಸಗಿ ವಿಮೆ ಕಂಪನಿಗಳು ಇಂಥ ಮಕ್ಕಳನ್ನು ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ.

ಎಪಿಎಲ್ ಕಾರ್ಡ್ ಇದ್ದವರಿಗೂ ಯೋಜನೆ ಇದೆ. ಅವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ. ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದದ್ದು ಕೈಯಿಂದ. ಹಾಗಾಗಿ ನಿಮ್ಮ ಕಾರ್ಡ್ ಇನ್ನೂ ಬಿಪಿಎಲ್ ಆಗಿಯೇ ಇದೆಯಾ ಅಂತ ಆಗಾಗ ಸೊಸೈಟಿಯಲ್ಲಿ ವಿಚಾರಿಸಿ. ಸಾಲ ಸಿಗಲಿ ಅಂತ ಯಾರೋ ಹೇಳಿದ ಮಾತು ಕೇಳಿ ಆದಾಯ ತೆರಿಗೆ ರಿಟರ್ನ್ ಹಾಕಿಸಿದ ಬಡವರ ಕಾರ್ಡುಗಳು ಎಪಿಎಲ್ ಪಟ್ಟಿಗೆ ಹೋಗಿದ್ದುಂಟು. ಆಗ ಹೋಗುವುದು ಅಕ್ಕಿ ಒಂದೇ ಅಲ್ಲ, ಆಸ್ಪತ್ರೆಯ ಆಸರೆಯೂ ಹೋಗುತ್ತದೆ.

ಇನ್ನೊಂದು ಮಾತು. ಇದು ಆಸ್ಪತ್ರೆಗೆ ಸೇರಿಸಿ ಮಾಡುವ ಚಿಕಿತ್ಸೆಗೆ, ಆಪರೇಷನ್‌ಗೆ. ಕೆಮ್ಮು ನೆಗಡಿ ಅಂತ ಖಾಸಗಿ ಕ್ಲಿನಿಕ್‌ಗೆ ತೋರಿಸಿದ ಫೀಸು ಇದರಲ್ಲಿ ಬರುವುದಿಲ್ಲ. ಅದಕ್ಕೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ.

ಎಲ್ಲದಕ್ಕೂ ಮೂಲ ರೇಷನ್ ಕಾರ್ಡ್

ಆಯುಷ್ಮಾನ್ ಕಾರ್ಡ್ ಮಾಡುವವರು ಮೊದಲು ತೆಗೆಯುವುದು ನಿಮ್ಮ ರೇಷನ್ ಕಾರ್ಡ್ ನಂಬರು. ಅದರಲ್ಲಿ ಯಾರ್ಯಾರ ಹೆಸರಿದೆಯೋ ಅವರಿಗೆ ಮಾತ್ರ ಕಾರ್ಡ್ ಬರುತ್ತದೆ. ಮಗುವಿನ ಹೆಸರು ಅದರಲ್ಲಿ ಇಲ್ಲದೆ ನೇರವಾಗಿ ಕಾರ್ಡ್ ಮಾಡಿಸಲು ಹೋದರೆ ಸುಮ್ನೆ ಒಂದು ದಿನದ ಕೂಲಿ ಹೋಗುತ್ತದೆ.

ನಮ್ಮ ಕಡೆ ಮಕ್ಕಳ ಹೆಸರು ಬಿಟ್ಟುಹೋಗುವುದಕ್ಕೆ ದೊಡ್ಡ ಕಾರಣ ಮದುವೆ. ಹುಡುಗಿ ಅರಕಲಗೂಡಿನಿಂದ ಇಲ್ಲಿಗೆ ಮದುವೆಯಾಗಿ ಬಂದಿರುತ್ತಾಳೆ. ಅವಳ ಹೆಸರು ಇನ್ನೂ ತವರಿನ ಕಾರ್ಡಿನಲ್ಲಿ. ಗಂಡನ ಹೆಸರು ಅವನ ಅಪ್ಪ ಅಮ್ಮನ ಕಾರ್ಡಿನಲ್ಲಿ. ಮಗು ಎರಡರಲ್ಲೂ ಇಲ್ಲ. ತವರಿನವರು "ಇನ್ನೊಂದು ವರ್ಷ ಇರಲಿ ಬಿಡು, ಒಬ್ಬರ ಅಕ್ಕಿ ಕಮ್ಮಿ ಆಗುತ್ತೆ" ಅಂತಾರೆ. ಇವಳಿಗೂ ಬಾಯಿಬಿಟ್ಟು ಕೇಳಲು ಸಂಕೋಚ. ಹೀಗೆ ಮಗು ಅಂಗನವಾಡಿಗೆ ಸೇರುವವರೆಗೂ ಯಾವ ಕಾರ್ಡಿನಲ್ಲೂ ಇರುವುದಿಲ್ಲ. ತವರಿನವರ ಹತ್ತಿರ ನಾನೇ ಫೋನಿನಲ್ಲಿ ಮಾತಾಡಿದ್ದೂ ಇದೆ. ಒಬ್ಬರ ಪಾಲಿನ ಅಕ್ಕಿಗೋಸ್ಕರ ಮೊಮ್ಮಗುವಿನ ಆಪರೇಷನ್ ನಿಲ್ಲಬಹುದು ಅಂತ ಬಿಡಿಸಿ ಹೇಳಿದರೆ ಯಾವ ಅಜ್ಜಿಯೂ ಬೇಡ ಅನ್ನುವುದಿಲ್ಲ.

ತಾಯಿಯ ಹೆಸರು ಗಂಡನ ಮನೆ ಕಾರ್ಡಿಗೆ ಬರುವವರೆಗೂ ಮಗುವಿನ ಕೆಲಸ ತಡೆಹಿಡಿಯಬೇಡಿ. ತಂದೆ ಯಾವ ಕಾರ್ಡಿನಲ್ಲಿ ಇದ್ದಾನೋ ಅದಕ್ಕೇ ಮಗುವನ್ನು ಸೇರಿಸಲು ಮೊದಲು ಅರ್ಜಿ ಹಾಕಿ. ತಾಯಿಯ ಹೆಸರನ್ನು ತವರಿನಿಂದ ತೆಗೆಸಿ ಇಲ್ಲಿಗೆ ಸೇರಿಸುವುದು ಜೊತೆಯಲ್ಲೇ ನಡೆಯಲಿ. ಗಂಡ ಬಿಟ್ಟುಹೋದ ತಾಯಿಯಾದರೆ ಅವಳ ತವರಿನ ಕಾರ್ಡಿಗೇ ಮಗುವನ್ನೂ ಸೇರಿಸಿ. ಅಜ್ಜ ಅಜ್ಜಿ ಸಾಕುತ್ತಿರುವ ಮಗುವಾದರೆ ಅವರ ಕಾರ್ಡಿಗೆ.

ಎರಡನೇ ಕಾರಣ ಭಯ. ಗೃಹಲಕ್ಷ್ಮಿ ಬಂದ ಮೇಲೆ ಈ ಭಯ ಜಾಸ್ತಿಯಾಗಿದೆ. ಕಾರ್ಡಿನಲ್ಲಿ ಯಜಮಾನಿ ಅತ್ತೆ. ತಿಂಗಳ 2000 ಬರುವುದು ಅವರ ಖಾತೆಗೆ. ಕಾರ್ಡನ್ನು ಮುಟ್ಟಿದರೆ ದುಡ್ಡು ನಿಂತುಹೋಗುತ್ತದೆ ಅಂತ ಹೆದರಿ ಮಗುವನ್ನು ಸೇರಿಸಲು ಒಪ್ಪುವುದಿಲ್ಲ. ಮಗುವಿನ ಹೆಸರು ಸೇರಿಸಿದರೆ ಯಜಮಾನಿ ಬದಲಾಗುವುದಿಲ್ಲ. ಬಿಪಿಎಲ್ ಕಾರ್ಡಿನಲ್ಲಿ ಅಕ್ಕಿ ಕೊಡುವುದು ತಲೆ ಲೆಕ್ಕದಲ್ಲಿ, ಹಾಗಾಗಿ ಒಂದು ಹೆಸರು ಕೂಡಿದರೆ ಅಕ್ಕಿಯೂ ಕೂಡುತ್ತದೆ. ಅತ್ತೆಯರ ಜೊತೆ ಮಾತಾಡುವಾಗ ನಾನು ಇದನ್ನೇ ಮೊದಲು ಹೇಳುವುದು.

ಸೇರಿಸಲು ಬೇಕಾಗುವುದು ಮಗುವಿನ ಜನನ ಪ್ರಮಾಣ ಪತ್ರ, ಆಧಾರ್ ಮತ್ತು ಹಳೆಯ ರೇಷನ್ ಕಾರ್ಡ್. ಸ್ವಲ್ಪ ದೊಡ್ಡ ಮಕ್ಕಳಾದರೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನೂ ಕೇಳುತ್ತಾರೆ. ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಆದರೆ ಆಹಾರ ಇಲಾಖೆ ಸೇರ್ಪಡೆ, ತಿದ್ದುಪಡಿಗೆ ಪೋರ್ಟಲ್ ಬಿಡುವುದು ಆಗಾಗ, ಕೆಲವೇ ದಿನ. ಬಿಟ್ಟ ದಿನ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಸರ್ವರ್ ನಿಂತುಬಿಡುತ್ತದೆ. ಕೇಂದ್ರದವರಿಗೆ ನಿಮ್ಮ ನಂಬರ್ ಕೊಟ್ಟು, ಪೋರ್ಟಲ್ ತೆರೆದಾಗ ಫೋನ್ ಮಾಡಲು ಹೇಳಿ ಬನ್ನಿ. ಕಾಗದಗಳ ಜೆರಾಕ್ಸ್ ಮೊದಲೇ ತಯಾರಿರಲಿ. ಅರ್ಜಿ ಹಾಕಿದ ಮೇಲೆ ಸ್ವೀಕೃತಿ ಚೀಟಿ ಕೇಳಿ ಇಸಿದುಕೊಳ್ಳಿ. ಆ ನಂಬರ್ ಇಲ್ಲದೆ ತಾಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ ವಿಚಾರಿಸುವುದು ಕಷ್ಟ.

ಹುಟ್ಟಿದ ಕೂಡಲೇ ಆಗಬೇಕಾದ್ದು

ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ನಾವು ಮನೆಗೆ ಬರುತ್ತೇವೆ. ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು ನೋಡುತ್ತೇವೆ. ಜೊತೆಗೆ ನಾನು ಜನನ ಪ್ರಮಾಣ ಪತ್ರವನ್ನೂ ಕೇಳುತ್ತೇನೆ. ಜನನ ನೋಂದಣಿ 21 ದಿನದ ಒಳಗೆ ಆಗಬೇಕು. ತಡವಾದರೆ ದಂಡ. ವರ್ಷ ದಾಟಿದರೆ ಅಧಿಕಾರಿಗಳ ಆದೇಶ ತರುವ ತನಕ ಅಲೆದಾಟ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ನೋಂದಣಿಗೆ ವಿವರ ಹೋಗುವುದು ಅಲ್ಲಿಂದಲೇ. ಮನೆಗೆ ಹೊರಡುವ ಮೊದಲು ಪತ್ರ ಯಾವತ್ತು, ಎಲ್ಲಿ ಸಿಗುತ್ತದೆ ಅಂತ ಕೇಳಿಕೊಳ್ಳಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಈ ಪತ್ರವೇ ಆಧಾರ. ಇದಿಲ್ಲದೆ ಆಧಾರ್ ಕಾರ್ಡೂ ಆಗುವುದಿಲ್ಲ.

ನಾಮಕರಣಕ್ಕೆ ಮೊದಲು ತೆಗೆದ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಅದನ್ನು ಹಾಗೇ ಟ್ರಂಕಿನಲ್ಲಿ ಇಡಬೇಡಿ. ಒಂದು ವರ್ಷದ ಒಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ.

ಹೆಸರು ಬರೆಸುವಾಗ ದಯವಿಟ್ಟು ಒಂದು ನಿಮಿಷ ನಿಂತು ನೋಡಿ. ಕನ್ನಡದಲ್ಲಿ ಎಲ್ಲ ಸರಿ ಇರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಎಡವಟ್ಟಾಗುತ್ತದೆ. ದೀಕ್ಷಿತ್, ಯಶ್ವಿತ್, ಹೃತ್ವಿಕ್ ಅನ್ನುವ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಕೆಲವು ಕಡೆ ಅಪ್ಪನ ಹೆಸರು ಕೂಡಿಸಿ ಬರೆದಿರುತ್ತಾರೆ, ಕೆಲವು ಕಡೆ ಇನಿಷಿಯಲ್ ಮಾತ್ರ. ಆಯುಷ್ಮಾನ್ ಪೋರ್ಟಲ್ ರೇಷನ್ ಕಾರ್ಡಿನ ಹೆಸರನ್ನೂ ಆಧಾರ್ ಹೆಸರನ್ನೂ ಹೋಲಿಸಿ ನೋಡುತ್ತದೆ. ತುಂಬಾ ವ್ಯತ್ಯಾಸ ಇದ್ದರೆ ಅರ್ಜಿ ತಡೆಯುತ್ತದೆ. ಜನನ ಪತ್ರದ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಕಡೆಯೂ ಅದನ್ನೇ ಕೊಡಿ ಅಂತ ನಾನು ಹೇಳುತ್ತೇನೆ. ಓದಲು ಬಾರದ ತಾಯಂದಿರಿಗೆ ಆ ಚೀಟಿಯನ್ನು ನಾನೇ ಬರೆದು ತಾಯಿ ಕಾರ್ಡಿನ ಒಳಗೆ ಅಂಟಿಸಿ ಕೊಡುತ್ತೇನೆ.

ಐದು ವರ್ಷದ ಒಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ಬೇಡ. ಜನನ ಪತ್ರದ ಜೊತೆ ಫೋಟೋ ಮತ್ತು ತಂದೆ ಅಥವಾ ತಾಯಿಯ ಆಧಾರ್ ಸಾಕು. ನೀಲಿ ಬಣ್ಣದ ಕಾರ್ಡ್ ಬರುತ್ತದೆ. ಆಗಲೇ ಮನೆಯ ಒಂದು ಮೊಬೈಲ್ ನಂಬರ್ ಸೇರಿಸಿಬಿಡಿ. ಮುಂದೆ ಒಟಿಪಿ ಬರುವುದು ಅದಕ್ಕೇ. ಯಾವ ನಂಬರ್ ಕೊಡುವುದು ಅನ್ನುವುದೂ ಮುಖ್ಯ. ಆಫರ್ ನೋಡಿ ಸಿಮ್ ಬದಲಿಸುವ ಅಪ್ಪನ ನಂಬರ್ ಬೇಡ. ರೀಚಾರ್ಜ್ ನಿಲ್ಲಿಸದೆ ಇಟ್ಟುಕೊಳ್ಳುವವರ ನಂಬರ್ ಕೊಡಿ. ಮಗುವಿಗೆ 5 ತುಂಬಿದ ಮೇಲೆ ಒಂದು ಸಲ, 15 ತುಂಬಿದ ಮೇಲೆ ಇನ್ನೊಂದು ಸಲ ಬೆರಳಚ್ಚು, ಕಣ್ಣು, ಫೋಟೋ ಕೊಟ್ಟು ಆಧಾರ್ ಹೊಸದು ಮಾಡಿಸಬೇಕು. 5ರಿಂದ 7 ಮತ್ತು 15ರಿಂದ 17ರ ವಯಸ್ಸಿನಲ್ಲಿ ಮಾಡಿಸಿದರೆ ಶುಲ್ಕ ಇಲ್ಲ. ಒಂದನೇ ಕ್ಲಾಸಿಗೆ ಸೇರಿಸುವ ವರ್ಷವೇ ಇದನ್ನೂ ಮುಗಿಸಿ. ಆಧಾರ್ ಬಗ್ಗೆ ಏನೇ ತೊಡಕು ಬಂದರೂ 1947ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಕಾರ್ಡ್ ಮಾಡಿಸುವ ದಿನ

ಇಷ್ಟು ಸರಿ ಇದ್ದರೆ ಕಾರ್ಡ್ ಮಾಡಿಸುವುದು ಸಣ್ಣ ಕೆಲಸ. ಗ್ರಾಮ ಒನ್‌ಗೆ ರೇಷನ್ ಕಾರ್ಡ್, ಮಗುವಿನ ಆಧಾರ್, ಅದಕ್ಕೆ ಸೇರಿಸಿದ ಮೊಬೈಲ್ ಮತ್ತು ಮಗುವನ್ನು ಕರೆದುಕೊಂಡು ಹೋಗಿ. ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬರುತ್ತದೆ. ದೊಡ್ಡವರದು ಆಗಿದೆ ಅಂತ ಮಕ್ಕಳದನ್ನು ಬಿಡಬೇಡಿ. ರೇಷನ್ ಕಾರ್ಡಿನಲ್ಲಿ ಹೆಸರು ಬಂದ ಮಾರನೇ ದಿನವೇ ಆಯುಷ್ಮಾನ್ ಪೋರ್ಟಲ್‌ನಲ್ಲಿ ಕಾಣದೇ ಇರಬಹುದು. ಸ್ವಲ್ಪ ದಿನ ಬಿಟ್ಟು ಮತ್ತೆ ನೋಡಿಸಿ. ಫೋನ್ ಬಳಸಲು ಬರುವ ಹುಡುಗರು ಮನೆಯಲ್ಲಿ ಇದ್ದರೆ ಆಯುಷ್ಮಾನ್ ಆ್ಯಪ್‌ನಲ್ಲಿ ತಾವೇ ಮಾಡಬಹುದು. ಕಳೆ ಕಿತ್ತು, ಕಾಫಿ ಕುಯ್ದು ಬೆರಳು ಸವೆದವರಿಗೆ ಹೆಬ್ಬೆಟ್ಟು ಹಿಡಿಯುವುದಿಲ್ಲ. ಅವರು ಒಟಿಪಿ ಅಥವಾ ಮುಖ ತೋರಿಸಿ ಮಾಡುವ ವಿಧಾನ ಕೇಳಿ.

ಯಾವಾಗ ಹೋಗಬೇಕು ಅಂತ ಕೇಳಿದರೆ ನನ್ನ ಉತ್ತರ ಏಪ್ರಿಲ್, ಮೇ. ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಆಮೇಲೆ ರೋಬಸ್ಟಾ, ಜೊತೆಗೆ ಮೆಣಸು. ಆಗ ಯಾರೂ ಕೂಲಿ ಬಿಡುವುದಿಲ್ಲ, ಬಿಡಿ ಅಂತ ಹೇಳಲು ನನಗೂ ಬಾಯಿ ಬರುವುದಿಲ್ಲ. ಜೂನ್ ಬಂತು ಅಂದರೆ ಮಳೆ. ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರ್ ಹೋಗುತ್ತದೆ, ಕೇಂದ್ರ ತೆರೆದಿದ್ದರೂ ಕೆಲಸ ಆಗುವುದಿಲ್ಲ. ಕುಯ್ಲು ಮುಗಿದು ಮಳೆ ಹಿಡಿಯುವ ನಡುವಿನ ಆ ಎರಡು ತಿಂಗಳು ಶಾಲೆಗೂ ರಜೆ, ಮಕ್ಕಳು ಮನೆಯಲ್ಲೇ ಇರುತ್ತಾರೆ.

ಬೇರೆ ಊರಿನಿಂದ ಬಂದವರಿಗೆ

ಎಸ್ಟೇಟ್ ಲೈನ್‌ಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಉತ್ತರ ಕರ್ನಾಟಕದವರು ಇದ್ದಾರೆ, ಅಸ್ಸಾಂನವರು ಇದ್ದಾರೆ. ರಾಯಚೂರು, ಕೊಪ್ಪಳದ ಕಾರ್ಡ್ ಇಲ್ಲಿ ನಡೆಯುತ್ತಾ ಅಂತ ಕೇಳುತ್ತಾರೆ. ನಡೆಯುತ್ತದೆ. ರಾಜ್ಯದ ಯಾವ ಜಿಲ್ಲೆಯ ರೇಷನ್ ಕಾರ್ಡ್ ಆದರೂ ಹಾಸನದ ಆಸ್ಪತ್ರೆಯಲ್ಲಿ ಒಪ್ಪಬೇಕು. ಅಸ್ಸಾಂ, ಜಾರ್ಖಂಡ್‌ನವರು ತಮ್ಮ ಊರಿನಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಸಿದ್ದರೆ ಅದೇ ಕಾರ್ಡಿನಲ್ಲಿ ಇಲ್ಲಿ ಚಿಕಿತ್ಸೆ ಪಡೆಯಬಹುದು, ಯೋಜನೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಇಲ್ಲಿ ಬಂದ ಮೇಲೆ ಹುಟ್ಟಿದ ಮಗು ಊರಿನ ಕಾರ್ಡಿನಲ್ಲಿ ಇರುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟೇ: ಮಗುವಿನ ಜನನ ಪತ್ರವನ್ನು ಇಲ್ಲೇ ಪಡೆದುಕೊಳ್ಳಿ, ಆಧಾರ್ ಇಲ್ಲೇ ಮಾಡಿಸಿ, ಹಬ್ಬಕ್ಕೆ ಊರಿಗೆ ಹೋದಾಗ ಅಲ್ಲಿ ಹೆಸರು ಸೇರಿಸಿಕೊಂಡು ಬನ್ನಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳು ಮನಸ್ಸು ಮಾಡಿದರೆ ಈ ಕಾಗದಗಳ ವಿಷಯದಲ್ಲಿ ತುಂಬಾ ಸಹಾಯ ಆಗುತ್ತದೆ.

ಹಾಸನದ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಆಗುತ್ತಿದ್ದರೆ ಮಕ್ಕಳಿಗೂ ಅದರಲ್ಲಿ ಚಿಕಿತ್ಸೆ ಇದೆ. ಮಕ್ಕಳ ಹೆಸರು ಸೇರಿಸಿದ್ದಾರಾ ಅಂತ ಕಂಪನಿಯ ಎಚ್‌ಆರ್ ಹತ್ತಿರ ಕೇಳಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಅನ್ನುವ ಆರೋಗ್ಯ ಯೋಜನೆ ಇದೆ. ಅದಕ್ಕೆ ನೋಂದಣಿ ತೆರೆದಾಗ ಸಂಘದಲ್ಲೇ ಹೇಳುತ್ತಾರೆ.

ಆಸ್ಪತ್ರೆಗೆ ಹೋಗುವಾಗ

ತುರ್ತು ಇಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ನಮಗೆ ಅದು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಅಲ್ಲಿಂದ ಹಾಸನದ ಹಿಮ್ಸ್, ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಪತ್ರ ಕೊಟ್ಟು ಮೈಸೂರಿಗೋ ಬೆಂಗಳೂರಿಗೋ ಮಂಗಳೂರಿಗೋ ಕಳಿಸುತ್ತಾರೆ. ಆ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆಯಲ್ಲಿ ಸೇರಿಸುವುದಿಲ್ಲ. ನಮ್ಮ ಭಾಗದ ಒಂದು ಕುಟುಂಬ ಹೀಗೆ ಹೋಗಿ, ಮಗುವಿನ ಆಪರೇಷನ್‌ಗೆ ಒಡವೆ ಅಡ ಇಟ್ಟಿತು. ಹಾಸನಕ್ಕೆ ಹೋಗಿ ಪತ್ರ ತಂದಿದ್ದರೆ ಅದು ಪೂರ್ತಿ ಉಚಿತವಾಗಿ ಆಗುತ್ತಿತ್ತು. ಈಗಲೂ ನೆನಸಿಕೊಂಡರೆ ನನಗೆ ಸಂಕಟ ಆಗುತ್ತದೆ.

ತುರ್ತು ಪರಿಸ್ಥಿತಿಯಲ್ಲಿ ರೆಫರಲ್ ಬೇಡ. 108 ಕರೆಸಿ, ಯೋಜನೆಯಲ್ಲಿ ನೋಂದಾಯಿಸಿಕೊಂಡ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಿ. ಹೋಗುವ ಆಸ್ಪತ್ರೆ ನೋಂದಾಯಿತವೇ, ಮಗುವಿನ ಆ ಕಾಯಿಲೆಗೂ ಅಲ್ಲಿ ಯೋಜನೆ ನಡೆಯುತ್ತದೆಯೇ, ಎರಡನ್ನೂ ಕೇಳಿ. ಕೆಲವು ಆಸ್ಪತ್ರೆಗಳು ಮೂಳೆಗೆ ಮಾತ್ರ, ಕೆಲವು ಹೃದಯಕ್ಕೆ ಮಾತ್ರ ಸೇರಿಕೊಂಡಿರುತ್ತವೆ. 104ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ.

ಒಳಗೆ ಹೋದ ಕೂಡಲೇ ಆರೋಗ್ಯಮಿತ್ರರನ್ನು, ಅಂದರೆ ಈ ಯೋಜನೆಯ ಕೆಲಸ ನೋಡಿಕೊಳ್ಳಲು ಅಲ್ಲಿ ಇರುವವರನ್ನು, ಹುಡುಕಿ. ಅವರಿಗೆ ಅಂತಲೇ ಒಂದು ಡೆಸ್ಕ್ ಇರುತ್ತದೆ. ಮಗುವಿನ ಕಾರ್ಡ್ ಇನ್ನೂ ಆಗಿಲ್ಲದಿದ್ದರೂ ರೇಷನ್ ಕಾರ್ಡ್ ಮತ್ತು ಆಧಾರ್ ತೋರಿಸಿ ಅಲ್ಲೇ ಕೇಳಿ. ಈಗಷ್ಟೇ ಹುಟ್ಟಿದ ಕೂಸಾದರೆ ತಾಯಿಯ ಕಾರ್ಡಿನ ಮೇಲೆ ಚಿಕಿತ್ಸೆ ಕೊಡಲು ಅವಕಾಶ ಇದೆ. ಹಾಗಾಗಿ ಗರ್ಭಿಣಿಯರ ಸ್ವಂತ ಕಾರ್ಡ್ ಏಳನೇ ತಿಂಗಳೊಳಗೆ ಆಗಿರಲಿ ಅಂತ ನಾನು ಹಟ ಹಿಡಿಯುತ್ತೇನೆ. ಅವಧಿಗೆ ಮುಂಚೆ ಹುಟ್ಟುವ ಮಕ್ಕಳು ಯಾರಿಗೂ ಹೇಳಿ ಬರುವುದಿಲ್ಲ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದ ಡಾಕ್ಟರುಗಳು ಬರುತ್ತಾರೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಸೀಳು ತುಟಿ, ತಿರುಚಿದ ಪಾದ, ಹೃದಯದ ತೊಂದರೆ, ಕಿವಿ ಕೇಳದಿರುವುದು, ಕಣ್ಣಿನ ಪೊರೆ ಎಲ್ಲ ಇಲ್ಲೇ ಮೊದಲು ಗೊತ್ತಾಗುವುದು. ಆವತ್ತು ಮಗುವನ್ನು ತಪ್ಪದೆ ಕಳಿಸಿ. ಅವರು ಬರೆದುಕೊಟ್ಟ ಚೀಟಿ ಹಿಡಿದು ಹಾಸನಕ್ಕೆ ಹೋದರೆ ಮುಂದಿನ ದಾರಿ ಅವರೇ ತೋರಿಸುತ್ತಾರೆ. "ಆಡ್ತಾ ಇದೆಯಲ್ಲ, ಏನಾಗಿದೆ" ಅಂತ ಚೀಟಿಯನ್ನು ಗೂಟಕ್ಕೆ ಸಿಕ್ಕಿಸಿ ಇಡುವವರನ್ನು ನೋಡಿದರೆ ನನಗೆ ಕೋಪವೇ ಬರುತ್ತದೆ. ಎದೆಯ ತೂತು ಹೊರಗೆ ಕಾಣುವುದಿಲ್ಲ.

ಬಿಪಿಎಲ್ ಕುಟುಂಬದಿಂದ, ಯೋಜನೆಯಲ್ಲಿ ಒಪ್ಪಿಗೆಯಾದ ಚಿಕಿತ್ಸೆಗೆ, ದುಡ್ಡು ಕೇಳುವಂತಿಲ್ಲ. ಕೇಳಿದರೆ ಜಗಳ ಬೇಡ. ಯಾವುದಕ್ಕೆ ಅಂತ ರಸೀದಿ ಕೇಳಿ, ಆರೋಗ್ಯಮಿತ್ರರಿಗೆ ಹೇಳಿ. ಆಗದಿದ್ದರೆ 14555ಕ್ಕೆ ದೂರು ಕೊಡಿ. ಬಿಡುಗಡೆ ಆದ ಮೇಲೆ 15 ದಿನದವರೆಗಿನ ಔಷಧಿಯೂ ಯೋಜನೆಯಲ್ಲೇ ಸೇರಿದೆ. ಅದನ್ನು ಕೇಳಿ ತೆಗೆದುಕೊಂಡೇ ಬಸ್ ಹತ್ತಿ. ಡಿಸ್ಚಾರ್ಜ್ ಪತ್ರದ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ನಿಮ್ಮ ಊರಿನ ಆಶಾಗೆ ಕೊಡಿ. ಮತ್ತೆ ತೋರಿಸಬೇಕಾದ ದಿನಾಂಕ ಅದರಲ್ಲಿ ಬರೆದಿರುತ್ತದೆ. ಆ ದಿನಕ್ಕೆ ಮುಂಚೆ ನಾವು ಮನೆಗೆ ಬಂದು ನೆನಪಿಸುತ್ತೇವೆ.